ಧರ್ಮಸ್ಥಳಕ್ಕೆ ನಡೆಯುವ ಮೊದಲು: ಎಲ್ಲಿ ನಿಲ್ಲುತ್ತೀರಿ ಅಂತ ಬರೆದಿಟ್ಟುಕೊಳ್ಳಿ

ಸಂಕ್ರಾಂತಿ ಕಳೆದರೆ ಸಾಕು, ನಮ್ಮ ಬೀದಿಯಲ್ಲಿ ಯಾರಾದರೊಬ್ಬರು ಗೇಟಿನ ಹತ್ತಿರ ನಿಂತು ಕೇಳುತ್ತಾರೆ. "ಅಕ್ಕಾ, ಈ ಶಿವರಾತ್ರಿಗೆ ನಾವೂ ಧರ್ಮಸ್ಥಳಕ್ಕೆ ನಡ್ಕೊಂಡು ಹೋಗೋಣ ಅಂತಿದೀವಿ. ಏನೇನು ತಗೊಂಡ್ ಹೋಗ್ಬೇಕು?" ನಾನು ಹಾಸನದಿಂದ ನಾಲ್ಕು ಸಲ ಹೋಗಿದ್ದೇನೆ. ಸರಿಯಾಗಿ ಲೆಕ್ಕ ಹಾಕಿದರೆ ಮೂರೂವರೆ ಸಲ. ಎಲ್ಲರೂ ಏನು ತಗೊಂಡು ಹೋಗಬೇಕು ಅಂತಲೇ ಕೇಳುತ್ತಾರೆ. ದಿನಕ್ಕೆ ಎಷ್ಟು ಹೊತ್ತಿಗೆ ನಿಲ್ಲಿಸಬೇಕು, ರಾತ್ರಿ ಎಲ್ಲಿ ಮಲಗಬೇಕು ಅಂತ ಇದುವರೆಗೂ ಒಬ್ಬರೂ ಕೇಳಿಲ್ಲ. ನಾನು ಕೆಟ್ಟಿದ್ದು ಅಲ್ಲೇ, ಅದಕ್ಕೆ ಅದನ್ನೇ ಮೊದಲು ಬರೆಯುತ್ತೇನೆ.

ಮೊದಲನೇ ವರ್ಷ ಹುಮ್ಮಸ್ಸು ಜಾಸ್ತಿ. ಹಾಸನದಿಂದ ಬೇಲೂರಿಗೆ ಸುಮಾರು 38 ಕಿಲೋಮೀಟರು, ಅಷ್ಟನ್ನೂ ಒಂದೇ ದಿನದಲ್ಲಿ ಮುಗಿಸಿದೆವು. ಹಿಂದಿನ ವಾರ ತಗೊಂಡಿದ್ದ ಹೊಸ ಶೂ ಬೇರೆ. ಬೇಲೂರಲ್ಲಿ ಗೋಪುರ ಕಂಡಾಗ ಏನೋ ಗೆದ್ದವರ ಹಾಗೆ ಫೋಟೋ ತೆಗೆಸಿಕೊಂಡು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮಾರನೇ ದಿನ ಎದ್ದರೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಕುಂಟಿಕೊಂಡೇ ಮೂಡಿಗೆರೆ ಸೇರಿದೆ. ಒಂದು ಕಾಲಿನ ಬೊಬ್ಬೆ ನೋವಾಗಬಾರದು ಅಂತ ಇನ್ನೊಂದು ಕಾಲಿನ ಮೇಲೆ ಭಾರ ಹಾಕಿ ಹಾಕಿ ಆ ಮಂಡಿಯೂ ಹೋಯಿತು. ಬಣಕಲ್ ಹತ್ತಿರ ಲಗೇಜ್ ಗಾಡಿ ಹತ್ತಿ, ಹಿಂದೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದೆ. ಆಗ ನೋಡಿದರೆ ನಮ್ಮ ಚಿಕ್ಕಮ್ಮ ಅವರ ಊರಿನವರ ಜೊತೆ ನಡೆದು ಬರುತ್ತಿದ್ದಾರೆ. 61 ವರ್ಷ, ಕಾಲಲ್ಲಿ ಸವೆದ ಚಪ್ಪಲಿ, ಕೈಯಲ್ಲೊಂದು ಬಟ್ಟೆ ಚೀಲ. ಮೊದಲ ದಿನ ಅವರು ಬೇಲೂರಿಗೆ ಮೊದಲೇ ಸಿಗುವ ಹಗರೆಯಲ್ಲೇ ನಿಂತು ಮಲಗಿದ್ದರು, ನಾವು ನಕ್ಕಿದ್ದೆವು. "ಏನ್ ಮಗಾ, ಗಾಡಿ ಹತ್ತಿದ್ಯಾ?" ಅಂತ ಕೇಳಿ, ನಿಲ್ಲದೆ ಮುಂದೆ ಹೋದರು.

ಎರಡನೇ ವರ್ಷದಿಂದ ನಾನು ಚಿಕ್ಕಮ್ಮನ ಗುಂಪು.

ಈಗ ದಾರಿಯ ವಿಚಾರ. ನಮ್ಮೂರಿಂದ ಮುಖ್ಯವಾಗಿ ಎರಡು ದಾರಿ. ಒಂದು ಸಕಲೇಶಪುರ, ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿದು ಗುಂಡ್ಯದ ಕಡೆಯಿಂದ. ಇನ್ನೊಂದು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ. ಶಿರಾಡಿ ಸ್ವಲ್ಪ ಹತ್ತಿರ, ಆದರೆ ಅದು ಬೆಂಗಳೂರು–ಮಂಗಳೂರು ಹೆದ್ದಾರಿ. ಹಗಲು ರಾತ್ರಿ ಟ್ಯಾಂಕರು, ಲಾರಿ, ಬಸ್ಸು. ಬೆಂಗಳೂರು, ತುಮಕೂರು, ಮಂಡ್ಯ ಕಡೆಯಿಂದ ಬರುವ ದೊಡ್ಡ ದೊಡ್ಡ ಗುಂಪುಗಳು ಎರಡು ದಾರಿಯಲ್ಲೂ ಸಿಗುತ್ತವೆ. ನಾವು ಯಾವಾಗಲೂ ಚಾರ್ಮಾಡಿ. ಹಾಸನದಿಂದ ಒಟ್ಟು 130ರಿಂದ 140 ಕಿಲೋಮೀಟರು ಅಂತ ಇಟ್ಟುಕೊಳ್ಳಿ. ಚಿಕ್ಕಮಗಳೂರಿನವರಿಗೆ ಇನ್ನೂ ಸುಲಭ, ನೇರ ಮೂಡಿಗೆರೆಗೆ ಬಂದು ಸೇರಿಕೊಂಡರೆ 100ರ ಆಸುಪಾಸಿನಲ್ಲಿ ಮುಗಿಯುತ್ತದೆ.

ಕ್ಯಾಲೆಂಡರನ್ನು ಹಿಂದಿನಿಂದ ಓದಿ. ಶಿವರಾತ್ರಿ ಪ್ರತಿ ವರ್ಷ ಜಾಗ ಬದಲಿಸುತ್ತದೆ. 2024ರಲ್ಲಿ ಮಾರ್ಚ್ 8, 2025ರಲ್ಲಿ ಫೆಬ್ರವರಿ 26, 2026ರಲ್ಲಿ ಫೆಬ್ರವರಿ 15. ಫೆಬ್ರವರಿ ಮಧ್ಯದಲ್ಲಿ ಬಂದರೆ ಬೆಳಗಿನ ಹೊತ್ತು ಸ್ವೆಟರ್ ಬೇಕು, ಮಾರ್ಚಲ್ಲಿ ಬಂದರೆ ಹತ್ತು ಗಂಟೆಗೇ ಡಾಂಬರು ಸುಡುತ್ತದೆ. ಹಬ್ಬದ ಹಿಂದಿನ ದಿನವೇ ತಲುಪುವ ಹಾಗೆ ಲೆಕ್ಕ ಹಾಕಿ. ಹಬ್ಬದ ದಿನ ಉಪವಾಸ, ಜಾಗರಣೆ, ದರ್ಶನದ ಸಾಲು. ಇಷ್ಟರ ಜೊತೆಗೆ 25 ಕಿಲೋಮೀಟರ್ ನಡಿಗೆಯನ್ನೂ ಸೇರಿಸಿಕೊಂಡರೆ ಆಮೇಲೆ ದೇವರನ್ನು ನೋಡಿದ ನೆನಪೂ ಇರುವುದಿಲ್ಲ.

ನಮ್ಮ ಲೆಕ್ಕ ಹೀಗಿರುತ್ತದೆ. ಮೊದಲ ದಿನ ಹಗರೆ, ಎಷ್ಟೇ ಶಕ್ತಿ ಉಳಿದಿದ್ದರೂ ಅಷ್ಟೇ. ಎರಡನೇ ದಿನ ಬೇಲೂರು ದಾಟಿ ಸ್ವಲ್ಪ ಮುಂದೆ. ಬೇಲೂರು–ಮೂಡಿಗೆರೆ 30 ಚಿಲ್ಲರೆ ಕಿಲೋಮೀಟರು, ಅದರಲ್ಲಿ ಉಳಿದಿದ್ದು ಮೂರನೇ ದಿನ. ನಾಲ್ಕನೇ ದಿನ ಮೂಡಿಗೆರೆಯಿಂದ ಕೊಟ್ಟಿಗೆಹಾರ, ಸುಮಾರು 20. ಅವತ್ತು ಮಧ್ಯಾಹ್ನವೇ ಮುಗಿಸಿ ಕಾಲಿಗೆ ರಜೆ ಕೊಡಬೇಕು, ಯಾಕೆಂದರೆ ಐದನೇ ದಿನ ಘಾಟಿ. ಘಾಟಿ ಇಳಿದ ಮೇಲೆ ಕಕ್ಕಿಂಜೆ, ಮುಂಡಾಜೆ ಕಡೆ ಎಲ್ಲಾದರೂ ಮಲಗಿ ಆರನೇ ದಿನ ಉಜಿರೆ ಮೇಲೆ ಧರ್ಮಸ್ಥಳ. ದಿನಕ್ಕೆ 22ರಿಂದ 25ಕ್ಕಿಂತ ಜಾಸ್ತಿ ಬೇಡ. ನಿಮ್ಮ ಗುಂಪಿನಲ್ಲಿ ಯಾರಾದರೂ "ನಾಲ್ಕು ದಿನಕ್ಕೆ ಮುಗಿಸೋಣ, ರಜೆ ಇಲ್ಲ" ಅಂದರೆ ಅವರಿಗೆ ಚಿಕ್ಕಮಗಳೂರಿನಿಂದ ನಡೆಯೋಕೆ ಹೇಳಿ.

ಮಲಗುವ ಜಾಗವನ್ನು ಹಿಂದಿನ ತಿಂಗಳೇ ಒಂದು ಭಾನುವಾರ ಬೈಕಿನಲ್ಲೋ ಬಸ್ಸಿನಲ್ಲೋ ಹೋಗಿ ಕಣ್ಣಾರೆ ನೋಡಿ ಬನ್ನಿ. ಶಾಲೆ, ಸಮುದಾಯ ಭವನ, ದೇವಸ್ಥಾನದ ಜಗಲಿ, ಗುರುತಿನವರ ತೋಟದ ಕಣ, ಏನಾದರೂ ಸಿಗುತ್ತದೆ. ನಮ್ಮ ಕಡೆ ಪಾದಯಾತ್ರಿಗಳು ಅಂದರೆ ಇಲ್ಲ ಅನ್ನುವವರು ಕಡಿಮೆ. ಆದರೆ "ಬನ್ನಿ ಬನ್ನಿ, ಜಾಗ ಇದೆ" ಅನ್ನೋ ಮಾತು ನಂಬಿ ಬರಬೇಡಿ. ನೀರು ಯಾವಾಗ ಬರುತ್ತದೆ, ಟಾಯ್ಲೆಟ್ ಎಷ್ಟಿದೆ, ಬೀಗದ ಕೈ ಯಾರ ಹತ್ತಿರ ಇದೆ, ಆ ಮನುಷ್ಯ ಅವತ್ತು ಊರಲ್ಲಿ ಇರುತ್ತಾನಾ, ಇಷ್ಟು ಕೇಳಿ. ಒಂದು ಸಲ ನಾವು 14 ಜನ ಸಂಜೆ ಏಳಕ್ಕೆ ಒಂದು ಶಾಲೆಯ ಮುಂದೆ ನಿಂತಿದ್ದೆವು. ಬಾಗಿಲಿಗೆ ಬೀಗ. ಬೀಗದ ಕೈ ಇಟ್ಟುಕೊಂಡವರು ಮದುವೆಗೆ ಹೋಗಿದ್ದರು, ಫೋನು ಸ್ವಿಚ್ ಆಫ್. ಎದುರು ಮನೆಯ ಅಜ್ಜಿ ಕಾಫಿ ಒಣಗಿಸುವ ಕಣದಲ್ಲಿ ಜಾಗ ಕೊಟ್ಟರು. ಹಣ್ಣು ಒಣಗಿದ ಹುಳಿ ವಾಸನೆಯಲ್ಲಿ, ಟಾರ್ಪಾಲಿನ ಮೇಲೆ ಮಲಗಿದ್ದೆವು. ನಿದ್ದೆ ಚೆನ್ನಾಗೇ ಬಂತು, ಅದು ಬೇರೆ ಮಾತು.

ಹೊತ್ತಿನ ವಿಚಾರ. ಬಯಲಿನ ಕಡೆ, ಅಂದರೆ ಹಾಸನದಿಂದ ಬೇಲೂರಿನ ತನಕ, ಬೆಳಗ್ಗೆ ನಾಲ್ಕೂವರೆಗೆ ಹೊರಟರೆ ಹತ್ತರ ಒಳಗೆ ದಿನದ ಮುಕ್ಕಾಲು ಪಾಲು ಮುಗಿಯುತ್ತದೆ. ಮಧ್ಯಾಹ್ನ ಮಲಗಿ, ನಾಲ್ಕರ ಮೇಲೆ ಉಳಿದಿದ್ದು. ಬೇಲೂರು ದಾಟಿ ಕಾಫಿ ತೋಟ ಶುರುವಾದ ಮೇಲೆ ಈ ಲೆಕ್ಕ ಬಿಟ್ಟುಬಿಡಿ. ಬೇಲೂರು, ಸಕಲೇಶಪುರ, ಆಲೂರು, ಮೂಡಿಗೆರೆ ನಾಲ್ಕು ತಾಲೂಕಲ್ಲೂ ಆನೆ ಇದೆ. ಕತ್ತಲಲ್ಲಿ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ರಸ್ತೆ ದಾಟುತ್ತವೆ. ಅಲ್ಲಿ ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಡಿ, ಕತ್ತಲಾಗುವ ಮೊದಲು ನಿಲ್ಲಿಸಿ. ಹಿಂದಿನ ರಾತ್ರಿ ಊರಿನವರನ್ನು ಕೇಳಿ, ಆನೆ ಯಾವ ಕಡೆ ಇದೆ ಅಂತ ಅವರಿಗೆ ಗೊತ್ತಿರುತ್ತದೆ. ಗುಂಪು ದೊಡ್ಡದಿದೆ, ಭಜನೆ ಮಾಡಿಕೊಂಡು ಹೋದರೆ ಏನೂ ಆಗಲ್ಲ ಅನ್ನೋ ಧೈರ್ಯ ಬೇಡ.

ಆನೆಗಿಂತ ಜಾಸ್ತಿ ಭಯ ನನಗೆ ಕಾರಿನದು. ರಸ್ತೆಯ ಬಲಗಡೆ ನಡೆಯಿರಿ, ಎದುರಿಂದ ಬರುವ ಗಾಡಿ ನಿಮಗೆ ಕಾಣಬೇಕು. ಒಬ್ಬರ ಹಿಂದೆ ಒಬ್ಬರು. ಸಾಲಿನ ಮೊದಲಿನವರಿಗೂ ಕೊನೆಯವರಿಗೂ ಹೊಳೆಯುವ ಜಾಕೆಟ್ ಹಾಕಿಸಿ, ರಸ್ತೆ ಕೆಲಸದವರು ಹಾಕಿಕೊಳ್ಳುತ್ತಾರಲ್ಲ, ಅದೇ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ಹಿಂದಿನಿಂದ ಓವರ್‌ಟೇಕ್ ಮಾಡಿಕೊಂಡು ಬರುವ ಗಾಡಿ ನಿಮ್ಮ ಬದಿಗೇ ಬರುತ್ತದೆ, ಅದನ್ನು ಕಿವಿಯಿಂದಲೇ ಕಂಡುಹಿಡಿಯಬೇಕು.

ತಯಾರಿ ಎರಡು ತಿಂಗಳು ಮೊದಲೇ ಶುರುವಾಗಬೇಕು. ಮಹಾರಾಜ ಪಾರ್ಕಿನಲ್ಲಿ ದಿನಾ ನಾಲ್ಕು ಸುತ್ತು ಹಾಕುತ್ತೇನೆ, ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ದಿನಾ ಒಂದು ಗಂಟೆ ನಡೆಯಿರಿ, ವಾರಕ್ಕೊಂದು ದಿನ ಉದ್ದ ನಡೆಯಿರಿ, ಮೊದಲ ವಾರ 8 ಕಿಲೋಮೀಟರು, ಆಮೇಲೆ ವಾರ ವಾರ ಎರಡು ಮೂರು ಸೇರಿಸುತ್ತಾ ಹೋಗಿ. ನಾವು ಶಾಂತಿಗ್ರಾಮದ ತನಕ ನಡೆದು ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆವು. ಹೊರಡುವ ಮೊದಲು ಒಂದು ಸಲವಾದರೂ ಶನಿವಾರ 20, ಭಾನುವಾರ ಮತ್ತೆ 20 ನಡೆದು ನೋಡಿ. ಒಂದು ದಿನ 20 ನಡೆಯೋದು ಯಾರಿಗಾದರೂ ಆಗುತ್ತದೆ. ನೊಂದ ಕಾಲಲ್ಲಿ ಮಾರನೇ ದಿನ ಎದ್ದು ಹೊರಡೋದು ಹೇಗಿರುತ್ತದೆ ಅನ್ನೋದು ಆ ಭಾನುವಾರ ಗೊತ್ತಾಗುತ್ತದೆ. ಇಳಿಜಾರಿನ ಅಭ್ಯಾಸಕ್ಕೆ ಸೀಗೆಗುಡ್ಡ ಹತ್ತಿ ಇಳಿಯಿರಿ. ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲಿದೆ, ಹತ್ತುವಾಗ ಎದೆ, ಇಳಿಯುವಾಗ ಮಂಡಿ, ಎರಡರ ಪರೀಕ್ಷೆಯೂ ಆಗುತ್ತದೆ. ಬಿಪಿ, ಶುಗರ್, ಮಂಡಿ ನೋವು ಇರುವವರು ಡಾಕ್ಟರ ಹತ್ತಿರ ಮಾತಾಡದೆ ಹೊರಡಬೇಡಿ. ಶುಗರ್ ಇದ್ದವರು ಬರಿಗಾಲಿನ ಹರಕೆ ಹೊತ್ತುಕೊಳ್ಳಲೇಬೇಡಿ. ಪಾದದಲ್ಲಿ ಗಾಯ ಆದರೂ ಅವರಿಗೆ ಗೊತ್ತಾಗದೇ ಹೋಗಬಹುದು.

ಇನ್ನು ಪಾದ. ಶೂ ಆಗಲಿ ಚಪ್ಪಲಿ ಆಗಲಿ, ನಿಮ್ಮ ಕಾಲಿಗೆ ಹೊಂದಿಕೊಂಡಿದ್ದೇ ಒಳ್ಳೆಯದು. ಹೊಸದು ತಗೊಳ್ಳುವುದಾದರೆ ಎರಡು ತಿಂಗಳ ಹಿಂದೆ, ಸಂಜೆ ಹೊತ್ತು ಹೋಗಿ, ಒಂದು ಅಳತೆ ದೊಡ್ಡದು ತಗೊಳ್ಳಿ. ನಡೆದ ಮೇಲೆ ಕಾಲು ಊದಿಕೊಳ್ಳುತ್ತದೆ. ಬೆಳಗ್ಗೆ ಹೊರಡುವ ಮೊದಲು ಬೆರಳ ಸಂದಿ, ಹಿಮ್ಮಡಿಗೆ ವ್ಯಾಸಲೀನ್ ಹಚ್ಚಿ. ತೊಡೆ ಸಂದಿಗೂ ಹಚ್ಚಿಕೊಳ್ಳಿ, ನಾಚಿಕೆ ಪಟ್ಟವರು ಎರಡನೇ ದಿನ ಕಾಲು ಅಗಲಿಸಿಕೊಂಡು ನಡೆಯುತ್ತಾರೆ. ಸಾಕ್ಸ್ ಮೂರು ಜೊತೆ, ಮಧ್ಯಾಹ್ನಕ್ಕೊಂದು ಸಲ ಬದಲಿಸಿ, ಒದ್ದೆಯದನ್ನು ಚೀಲದ ಮೇಲೆ ಪಿನ್ ಹಾಕಿ ಒಣಗಿಸಿ.

ಬೊಬ್ಬೆ ಬರುವ ಮೊದಲು ಆ ಜಾಗ ಬಿಸಿಯಾಗುತ್ತದೆ. ಸಣ್ಣ ಕಲ್ಲು ಸಿಕ್ಕಿಕೊಂಡ ಹಾಗೆ ಅನ್ನಿಸುತ್ತದೆ, ಶೂ ಬಿಚ್ಚಿ ನೋಡಿದರೆ ಕಲ್ಲು ಇರುವುದಿಲ್ಲ. ಆ ಕ್ಷಣವೇ ಕೂತು ಅಂಟುಪಟ್ಟಿ ಹಾಕಬೇಕು. ಮುಂದಿನ ಊರಲ್ಲಿ ನೋಡೋಣ ಅಂದರೆ ಮುಗಿಯಿತು. ಬೊಬ್ಬೆ ಎದ್ದೇಬಿಟ್ಟರೆ ಸಣ್ಣದನ್ನು ಮುಟ್ಟಬೇಡಿ. ಕಾಲೂರಲು ಆಗದಷ್ಟು ದೊಡ್ಡದಾದರೆ ಮಾತ್ರ, ಕೈ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಿರಿ. ಮೇಲಿನ ಚರ್ಮ ಕೀಳಬಾರದು, ಅದೇ ನಿಮ್ಮ ಬ್ಯಾಂಡೇಜು. ನಮ್ಮಲ್ಲಿ ಸೂಜಿಗೆ ದಾರ ಪೋಣಿಸಿ ಬೊಬ್ಬೆಯೊಳಗೆ ಬಿಟ್ಟು ನಡೆಯುವವರಿದ್ದಾರೆ. ಮೂಡಿಗೆರೆಯಲ್ಲಿ ನನಗೂ ಹಾಗೇ ಮಾಡಿದರು, ರಸ್ತೆ ಧೂಳೆಲ್ಲ ಆ ದಾರದ ಜೊತೆ ಒಳಗೆ ಹೋಗಿ ಕೀವಾಯಿತು. ಬೇಡ.

ಚಿಕ್ಕಮ್ಮನ ಪದ್ಧತಿ ಇನ್ನೂ ಸರಳ. ಗಂಟೆಗೊಂದು ಸಲ ಕೂರುತ್ತಾರೆ. ದಣಿವಾಗಲಿ ಬಿಡಲಿ, ಗಂಟೆ ಆಯಿತು ಅಂದರೆ ಕೂತರು. ಚಪ್ಪಲಿ ಬಿಚ್ಚಿ, ರಸ್ತೆ ಬದಿಯ ಮೈಲಿಗಲ್ಲಿನ ಮೇಲೋ ಮೋರಿ ಕಟ್ಟೆಯ ಮೇಲೋ ಎರಡೂ ಕಾಲು ಎತ್ತಿಟ್ಟು, ಸೀರೆ ಸೆರಗಿನಿಂದ ಬೆರಳ ಸಂದಿಯ ಬೆವರು ಒರೆಸಿ, ಐದು ನಿಮಿಷ. ಆಮೇಲೆ ಚಪ್ಪಲಿಯನ್ನು ಕಲ್ಲಿಗೆ ಎರಡು ಸಲ ಬಡಿದು ಮಣ್ಣು ಉದುರಿಸಿ ಹಾಕಿಕೊಳ್ಳುತ್ತಾರೆ. ನೋಡೋಕೆ ಸೋಮಾರಿತನದ ಹಾಗೆ ಕಾಣುತ್ತದೆ. ನಾಲ್ಕು ಯಾತ್ರೆಯಲ್ಲಿ ಅವರಿಗೆ ಒಂದೂ ಬೊಬ್ಬೆ ಬಂದಿಲ್ಲ.

ಊಟದ ಚಿಂತೆ ಈ ದಾರಿಯಲ್ಲಿ ಬೇಡ. ಶಿವರಾತ್ರಿ ಸಮಯದಲ್ಲಿ ಹೆಜ್ಜೆ ಹೆಜ್ಜೆಗೂ ಯಾರಾದರೂ ಶಾಮಿಯಾನ ಹಾಕಿಕೊಂಡು ನಿಂತಿರುತ್ತಾರೆ. ಪಾನಕ, ಮಜ್ಜಿಗೆ, ಕಲ್ಲಂಗಡಿ, ಉಪ್ಪಿಟ್ಟು, ಚಿತ್ರಾನ್ನ. ಕಷ್ಟ ಇರೋದೇ ಅಲ್ಲಿ, ಪ್ರೀತಿಯಿಂದ ಕೊಟ್ಟಿದ್ದನ್ನೆಲ್ಲ ತಿಂದರೆ ಹೊಟ್ಟೆ ಕೆಡುತ್ತದೆ. ಬಿಸಿ ಇರುವುದನ್ನು ತಿನ್ನಿ, ಹೆಚ್ಚಿಟ್ಟ ಹಣ್ಣು ಬಿಟ್ಟು ಬಾಳೆಹಣ್ಣು ತಗೊಳ್ಳಿ. ಓಆರ್‌ಎಸ್ ಪುಡಿ ಜೇಬಲ್ಲಿರಲಿ, ದೊಡ್ಡ ಪ್ಯಾಕೆಟ್ ಒಂದಕ್ಕೆ ಒಂದು ಲೀಟರ್ ನೀರು. ಅರ್ಧ ಬಾಟಲಿಗೆ ಇಡೀ ಪ್ಯಾಕೆಟ್ ಸುರಿದುಕೊಂಡು ಕುಡಿಯುವವರನ್ನು ನೋಡಿದ್ದೇನೆ, ಅದು ತಪ್ಪು. ಖಾಲಿ ಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗಬೇಡಿ. ತಿಂದ ತಟ್ಟೆ, ಲೋಟ, ಬಾಟಲಿಯನ್ನು ತೋಟದ ಬೇಲಿಯೊಳಗೆ ಎಸೆಯುವವರ ಬಗ್ಗೆ ಬರೆಯಲು ಕೂತರೆ ಬೈಗುಳವೇ ಆಗುತ್ತದೆ. ನಿಮ್ಮ ಲೋಟ ನೀವೇ ಒಯ್ಯಿರಿ, ಸ್ಟೀಲಿನದು.

ಹೆಂಗಸರಿಗೆ ಒಂದು ಮಾತು, ಇದನ್ನು ಗಂಡಸರು ಯಾರೂ ಹೇಳಿಕೊಡಲ್ಲ. ಟಾಯ್ಲೆಟ್ ಸಿಗಲ್ಲ ಅಂತ ನೀರು ಕುಡಿಯದೆ ನಡೆಯಬೇಡಿ. ಮೊದಲ ವರ್ಷ ನಾನು ಅದನ್ನೂ ಮಾಡಿದ್ದೆ, ಉರಿ ಮೂತ್ರ ಶುರುವಾಗಿ ಒದ್ದಾಡಿದೆ. ಪೆಟ್ರೋಲ್ ಬಂಕು, ಬಸ್ ನಿಲ್ದಾಣ, ಹೋಟೆಲು ಸಿಕ್ಕಾಗಲೆಲ್ಲ ಬೇಕೋ ಬೇಡವೋ ಹೋಗಿ ಬನ್ನಿ. ನಡುವೆ ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಕೇಳಿದರೆ ಇಲ್ಲ ಅನ್ನುವುದಿಲ್ಲ. ಏನೂ ಇಲ್ಲದ ಕಡೆ ಎರಡು ಹಳೇ ಕಾಟನ್ ಸೀರೆ ಉಪಯೋಗಕ್ಕೆ ಬರುತ್ತವೆ, ಇಬ್ಬರು ಹಿಡಿದು ನಿಂತರೆ ಗೋಡೆ. ಅದೇ ಸೀರೆ ರಾತ್ರಿ ಹೊದಿಕೆ, ಬೆಳಗ್ಗೆ ಬಟ್ಟೆ ಬದಲಿಸಲು ಮರೆ. ಕುತ್ತಿಗೆ ಸುತ್ತಿದ ದುಪಟ್ಟಾ ಗಾಳಿಗೆ ಹಾರಿ ಗಾಡಿಗೆ ಸಿಕ್ಕಬಾರದು, ಸೊಂಟಕ್ಕೆ ಕಟ್ಟಿ. ಮುಟ್ಟಿನ ದಿನ ಬರಬಹುದು ಅನ್ನಿಸಿದರೆ ಪಕ್ಕದ ಮನೆಯವರು ಕೊಟ್ಟ ಮಾತ್ರೆ ನುಂಗಬೇಡಿ, ತಿಂಗಳ ಮೊದಲೇ ಡಾಕ್ಟರನ್ನು ಕೇಳಿ. ಪ್ಯಾಡು ಹೇಗೂ ಚೀಲದಲ್ಲಿರಲಿ, ನಡಿಗೆಗೆ ದಿನ ಏರುಪೇರಾಗುತ್ತದೆ.

ಸಾಮಾನಿಗೆ ಒಂದು ಟಾಟಾ ಏಸ್ ಮಾಡಿಕೊಳ್ಳಿ, ಖರ್ಚು ಹಂಚಿಕೊಂಡರೆ ಭಾರ ಆಗಲ್ಲ. ಗಾಡಿ ಐದು ಕಿಲೋಮೀಟರಿಗೊಮ್ಮೆ ನಿಂತು ಕಾಯಲಿ. ಡ್ರೈವರ್ ರಾತ್ರಿ ಪೂರ್ತಿ ನಿದ್ದೆ ಮಾಡುವ ಹಾಗೆ ನೋಡಿಕೊಳ್ಳಿ. ನಿಮ್ಮ ಬೆನ್ನಿನ ಮೇಲೆ ನೀರು, ಔಷಧಿ, ಟಾರ್ಚು, ಟೋಪಿ ಸಾಕು.

ಕೊಟ್ಟಿಗೆಹಾರದಲ್ಲಿ ಬೆಳಗ್ಗೆ ಎದ್ದರೆ ಮಂಜು, ಚಳಿ. ಅಲ್ಲಿಂದ ಧರ್ಮಸ್ಥಳಕ್ಕೆ ಇನ್ನು ಸುಮಾರು 45 ಕಿಲೋಮೀಟರು, ಅದರಲ್ಲಿ ಅರ್ಧದಷ್ಟು ಇಳಿಜಾರು. ಇಳಿಯೋದು ತಾನೆ, ಸುಲಭ ಅಂದುಕೊಂಡು ಎಲ್ಲರೂ ಅಲ್ಲೇ ಓಡುತ್ತಾರೆ. ಪ್ರತಿ ಹೆಜ್ಜೆಯಲ್ಲೂ ಮೈ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ, ಹೆಬ್ಬೆರಳು ಶೂನ ಮುಂದಿನ ತುದಿಗೆ ಹೋಗಿ ಗುದ್ದುತ್ತದೆ. ಹಿಂದಿನ ರಾತ್ರಿಯೇ ಉಗುರು ಗಿಡ್ಡ ಕತ್ತರಿಸಿ, ಲೇಸು ಪಾದದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಿ, ಸಣ್ಣ ಸಣ್ಣ ಹೆಜ್ಜೆ ಹಾಕಿ, ಮಂಡಿ ಸ್ವಲ್ಪ ಬಗ್ಗಿರಲಿ. ಒಂದು ಕೋಲು ಇದ್ದರೆ ಅರ್ಧ ನೋವು ಕಡಿಮೆ. ಘಾಟಿಯಲ್ಲಿ ಅಂಗಡಿ ನಂಬಿಕೊಳ್ಳಬೇಡಿ, ಫೋನ್ ಸಿಗ್ನಲ್ಲೂ ನಂಬಬೇಡಿ. ಎರಡು ಲೀಟರ್ ನೀರು ಮೇಲಿಂದಲೇ ತುಂಬಿಕೊಳ್ಳಿ. ಮಳೆಗಾಲದಲ್ಲಿ ಧುಮುಕುವ ಜರಿಗಳೆಲ್ಲ ಶಿವರಾತ್ರಿ ಹೊತ್ತಿಗೆ ಬರೀ ಕಪ್ಪು ಬಂಡೆ. 2019ರ ಮಳೆಯಲ್ಲಿ ಈ ಘಾಟಿ ಹಲವು ಕಡೆ ಕುಸಿದಿತ್ತು, ತಡೆಗೋಡೆಯ ಅಂಚಿನಲ್ಲಿ ನಿಂತು ಸೆಲ್ಫಿ ತೆಗೆಯಬೇಡಿ. ಕೈಯಲ್ಲಿ ಬಾಳೆಹಣ್ಣಿದ್ದರೆ ಮಂಗ ಬಿಡುವುದಿಲ್ಲ. ಒಣ ಹುಲ್ಲಿನ ಕಾಲ, ಬೆಂಕಿ ಹಚ್ಚಿ ಕಾಫಿ ಕಾಯಿಸುವ ಆಸೆಯೂ ಬೇಡ. ಅಣ್ಣಪ್ಪ ಸ್ವಾಮಿ ಗುಡಿಯಲ್ಲಿ ಕೈ ಮುಗಿದು ಕೂತು ಕಾಲಿಗೆ ಗಾಳಿ ಕೊಡಿ. ಕೆಳಗೆ ಚಾರ್ಮಾಡಿ ಊರು ಸಿಗುವ ಹೊತ್ತಿಗೆ ಕರಾವಳಿಯ ಸೆಕೆ ಮುಖಕ್ಕೆ ಹೊಡೆಯುತ್ತದೆ. ಬೆಳಗ್ಗೆ ಸ್ವೆಟರ್ ಹಾಕಿದ್ದವರು ಮಧ್ಯಾಹ್ನ ಬೆವರಲ್ಲಿ ತೊಯ್ದು ಹೋಗಿರುತ್ತಾರೆ. ತಲೆಸುತ್ತು ಬಂದು ಕೂರುವವರು ಜಾಸ್ತಿ ಇಲ್ಲೇ. ಅವತ್ತು ಅಲ್ಲಿಗೇ ನಿಲ್ಲಿಸಿ ಅಂತ ಹೇಳುವುದು ಇದಕ್ಕೇ. "ಇನ್ನೇನು 20 ಅಷ್ಟೇ, ಹೋಗೇಬಿಡೋಣ" ಅನ್ನೋರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ, ಅವರ ಮಾತು ಕೇಳಬೇಡಿ.

ಉಜಿರೆಯಿಂದ ಧರ್ಮಸ್ಥಳಕ್ಕೆ ಎಂಟೊಂಬತ್ತು ಕಿಲೋಮೀಟರು. ನೇತ್ರಾವತಿ ಸ್ನಾನಘಟ್ಟದಲ್ಲಿ ಮುಳುಗಿ ಎದ್ದ ಮೇಲೆ ಹಳೇ ಬಟ್ಟೆ ನದಿಗೆ ಬಿಡಬೇಡಿ. ದೇವಸ್ಥಾನದೊಳಗೆ ಗಂಡಸರು ಅಂಗಿ, ಬನಿಯನ್ ತೆಗೆಯಬೇಕು, ಅದಕ್ಕೆ ತಕ್ಕ ಹಾಗೆ ಪಂಚೆ, ಶಲ್ಯ ಇರಲಿ. ಹಬ್ಬಕ್ಕೆ ರೂಮು ಸಿಗುತ್ತದೆ ಅಂತ ನಂಬಿ ಹೋಗಬೇಡಿ, ಜಮಖಾನ ಹಾಸಿಕೊಂಡು ಎಲ್ಲಾದರೂ ಮಲಗಲು ತಯಾರಿರಿ. ಅನ್ನಪೂರ್ಣ ಛತ್ರದಲ್ಲಿ ನೆಲದ ಮೇಲೆ ಕೂತರೆ ಏಳೋದು ಕಷ್ಟ, ಪಕ್ಕದವರ ಭುಜ ಹಿಡಿದು ಏಳಿ. ಅಲ್ಲಿ ಎಲ್ಲರ ಕಥೆಯೂ ಅದೇ ಆದ್ದರಿಂದ ಯಾರೂ ನಗುವುದಿಲ್ಲ.

ವಾಪಸ್ ಬರುವ ದಾರಿಯನ್ನು ಯಾರೂ ಪ್ಲಾನ್ ಮಾಡುವುದಿಲ್ಲ. ಶಿವರಾತ್ರಿ ಮಾರನೇ ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗ ಇರಲ್ಲ, ಮಧ್ಯಾಹ್ನದ ತನಕ ತಡೆದು ಹೊರಡಿ, ಕಿಟಕಿಗಿಂತ ನಡುದಾರಿಯ ಪಕ್ಕದ ಸೀಟು ಹಿಡಿಯಿರಿ, ಕಾಲು ಚಾಚಬಹುದು. ಕಳೆದ ಸಲ ನಮ್ಮ ಬಸ್ಸು ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ನಿಂತಿತು. ನೀರುದೋಸೆ ತಿನ್ನಬೇಕು ಅಂತ ಐದು ದಿನದಿಂದ ಅಂದುಕೊಂಡಿದ್ದೆ. ಏಳಲು ಹೋದರೆ ಮೀನಖಂಡ ಹಿಡಿದುಕೊಂಡಿತು, ಹಾಗೇ ಕೂತುಬಿಟ್ಟೆ. ಚಿಕ್ಕಮ್ಮ ಏನೂ ಕೇಳದೆ ಇಳಿದು ಹೋಗಿ, ಕಾಗದದಲ್ಲಿ ಕಟ್ಟಿಸಿದ ನಾಲ್ಕು ದೋಸೆ, ಒಂದು ಪೊಟ್ಟಣ ಚಟ್ನಿ ತಂದು ತೊಡೆಯ ಮೇಲಿಟ್ಟರು.

"ಮೆಲ್ಲಗ್ ತಿನ್ನು, ಬಸ್ ಹೊರಡಕ್ಕೆ ಇನ್ನೂ ಹತ್ ನಿಮಿಷ ಐತಂತೆ" ಅಂದು, ಚಪ್ಪಲಿ ಬಿಚ್ಚಿ ಎದುರು ಸೀಟಿನ ಕಂಬಿಯ ಮೇಲೆ ಕಾಲಿಟ್ಟರು.